ಚಿತ್ರ ಬಿಡಿಸುತ್ತಿದ್ದ ವೈದ್ಯ ಕಹಾಲ್

ಸಾಂತಿಯಾಗೊ ರಮೋನ್ ಇ ಕಹಾಲ್ 1852ರಲ್ಲಿ ಸ್ಪೇನಿನಲ್ಲಿ ಹುಟ್ಟಿದರು. ವೈದ್ಯರಾಗಿದ್ದ ಅಪ್ಪನಿಗೆ ಮಗ ಚಿತ್ರ ಬಿಡಿಸುವುದು ಹಿಡಿಸಲಿಲ್ಲ. ಕ್ಷೌರದಂಗಡಿಗೂ ಬೂಟು ಹೊಲಿಯುವಲ್ಲಿಗೂ ಕೆಲಸಕ್ಕೆ ಕಳಿಸಿದರು. ಬ್ನೇದ್ ಅಲ್ ಗಾರ್‌ನ ನಮ್ಮ ಮನೆಯಲ್ಲಿ ಅಷ್ಟಕ್ಕೆ ಹೋಗಿಲ್ಲ, ಆದರೆ ಚಿತ್ರ ಊಟ ಹಾಕುತ್ತದೆಯೇ ಎಂಬ ಪ್ರಶ್ನೆ ನನಗೂ ಗೊತ್ತು. ವೈದ್ಯರಾದ ಮೇಲೂ ಕಹಾಲ್ ಪೆನ್ಸಿಲ್ ಬಿಡಲಿಲ್ಲ.

ಬೆಳೆದ ಪ್ರಾಣಿಯ ಬೆನ್ನುಹುರಿಯಲ್ಲಿ ನರತಂತುಗಳು ದಟ್ಟ ಪೊದೆಯಂತೆ. ಮೇಲಿನ ಕೊಬ್ಬಿನ ಹೊದಿಕೆಯಿಂದಾಗಿ ಗಾಲ್ಜಿ ಕಂಡುಹಿಡಿದ ಬೆಳ್ಳಿಯ ಬಣ್ಣವೂ ಸರಿಯಾಗಿ ಹಿಡಿಯದು. ಅದಕ್ಕೇ ಅವರು ಭ್ರೂಣಗಳನ್ನೂ ಆಗಷ್ಟೇ ಹುಟ್ಟಿದ ಮರಿಗಳನ್ನೂ ಆರಿಸಿಕೊಂಡರು. ಅಲ್ಲಿ ತಂತುಗಳು ಸ್ನಾಯು ಆಡಿಸುವ ನರಕೋಶದ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದವು, ಅದರೊಳಗೆ ಬೆರೆಯುತ್ತಿರಲಿಲ್ಲ. 1906ರ ನೊಬೆಲ್ ಇಬ್ಬರಿಗೂ ಬಂತು. ನರಗಳೆಲ್ಲ ಒಂದೇ ಬಲೆ ಎಂದು ಗಾಲ್ಜಿ ಆಗಲೂ ವಾದಿಸಿದರು! ಕಹಾಲ್ 1934ರಲ್ಲಿ ತೀರಿಕೊಂಡರು. ಅವರ ಚಿತ್ರಗಳು ಇವತ್ತಿಗೂ ನರವಿಜ್ಞಾನದ ಪುಸ್ತಕಗಳಲ್ಲಿವೆ.