ತೋಮಾಶ್ ಬಾಟಾ ಮತ್ತು ನಮ್ಮ ಎಂಟು ನಂಬರ್

ಮೊದಲನೇ ಸೆಮಿಸ್ಟರಿನಲ್ಲಿ ವರ್ಕ್‌ಶಾಪ್ ಲ್ಯಾಬಿಗೆ ಶೂ ಕಡ್ಡಾಯ, ಚಪ್ಪಲಿಯಲ್ಲಿ ಬಂದರೆ ಒಳಗೆ ಬಿಡುವುದಿಲ್ಲ ಅಂತ ನೋಟಿಸ್ ಬಂತು. ನಾವು ಮೂವರು. ಒಬ್ಬ ಬಂಟ್ವಾಳದವ, ಒಬ್ಬ ಬೆಳ್ತಂಗಡಿಯವ, ಒಬ್ಬ ಇಲ್ಲೇ ಮೂಡುಬಿದಿರೆಯವ. ಹಾಸ್ಟೆಲ್ ರೂಮಿನಲ್ಲಿ ಕೂತು ಒಂದೇ ಆ್ಯಪಿನಲ್ಲಿ ಒಂದೇ ಬ್ರಾಂಡಿನ ಶೂ ಆರ್ಡರ್ ಮಾಡಿದೆವು. ಹೈಸ್ಕೂಲಿನಿಂದ ಗೊತ್ತಿದ್ದ ಬ್ರಾಂಡು. ಮೂವರದ್ದೂ ಎಂಟು ನಂಬರ್, ಮಾಡೆಲ್ ಮಾತ್ರ ಬೇರೆ ಬೇರೆ. ಬಂಟ್ವಾಳದವನಿಗೆ ಸರಿಯಾಗಿ ಬಂತು. ಮೂಡುಬಿದಿರೆಯವನಿಗೆ ಎರಡು ಸಾಕ್ಸ್ ಹಾಕಿದರೂ ಹಿಮ್ಮಡಿ ಜಾರ್ತಿತ್ತು. ಬೆಳ್ತಂಗಡಿಯವನದ್ದು ಬಿಗಿ. ಆದರೆ ಅವನು ಅದಾಗಲೇ ಒಂದು ದಿನ ಫಿಟ್ಟಿಂಗ್ ಲ್ಯಾಬಿಗೆ ಹಾಕಿಕೊಂಡು ಹೋಗಿ ಸೋಲ್ ಕೊಳೆ ಮಾಡಿಕೊಂಡಿದ್ದ, ರಿಟರ್ನ್ ಆಗಲಿಲ್ಲ. ಅವನ ಅಮ್ಮ ಬೀಡಿ ಕಟ್ಟಿ ಉಳಿಸಿದ ದುಡ್ಡು ಅದು. ಹಾಕ್ತಾ ಹಾಕ್ತಾ ಸಡಿಲ ಆಗ್ತದೆ ಅಂತ ಅವನು ಸುಮ್ಮನಾದ.

ಆ ಭಾನುವಾರ ನಾವೆಲ್ಲ ಗಡಾಯಿಕಲ್ಲು ಹತ್ತಿದೆವು. ಹತ್ತುವಾಗ ಏನೂ ಆಗಲಿಲ್ಲ. ಶೂವಿನ ಉದ್ದ ಗೊತ್ತಾಗುವುದು ಇಳಿಯುವಾಗ, ಮಾರಾಯ್ರೇ. ಒಂದೊಂದು ಕಲ್ಲಿನ ಮೆಟ್ಟಿಲಿಗೂ ಹೆಬ್ಬೆರಳು ಮುಂದೆ ಹೋಗಿ ಕುಟ್ಟುತ್ತದೆ. ಸಂಜೆಗೆ ಅವನ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಯಾವ ಬ್ರಾಂಡ್ ಅಂತ ಇಲ್ಲಿ ಬರೆಯುವುದಿಲ್ಲ, ಬಾಟಾ ಅಂತೂ ಅಲ್ಲ. ಎಂಟು ಅಂದರೆ ಎಂಟೇ ಆಗಬೇಕಲ್ಲ, ಯಾಕೆ ಹೀಗೆ ಅಂತ ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಒಬ್ಬ ಮನುಷ್ಯನ ಕತೆ. ಬಾಟಾ ಎಂಬುದು ಕೊಲ್ಕತ್ತದ ಕಂಪನಿ ಅಂತಲೇ ನಾವು ಅಷ್ಟು ದಿನ ನಂಬಿದ್ದೆವು. ನಿಮ್ಮಲ್ಲೂ ಅರ್ಧ ಜನ ಹಾಗೇ ನಂಬಿರಬಹುದು.

ತೋಮಾಶ್ ಬಾಟಾ ಹುಟ್ಟಿದ್ದು 1876ರ ಏಪ್ರಿಲ್ 3ರಂದು, ಜ್ಲೀನ್ ಎಂಬ ಸಣ್ಣ ಊರಿನಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಮೊರಾವಿಯಾ ಪ್ರಾಂತ್ಯ, ಈಗ ಚೆಕ್ ಗಣರಾಜ್ಯ. ಮನೆತನದಲ್ಲಿ ತಲೆತಲಾಂತರದಿಂದ ಪಾದರಕ್ಷೆ ಹೊಲಿಯುವ ಕಸುಬು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು. ಹುಡುಗ ಅಪ್ಪನ ಕೈಕೆಳಗೆ ಕೆಲಸ ಕಲಿತ.

ಆ ಕಾಲದ ಕೆಲಸದ ಕ್ರಮ ಸ್ವಲ್ಪ ತಿಳಿದಿರಬೇಕು, ಯಾಕೆಂದರೆ ನಮ್ಮ ಪ್ರಶ್ನೆಯ ಬೇರು ಅಲ್ಲೇ ಉಂಟು. ಗಿರಾಕಿ ಬರುತ್ತಾನೆ, ಪಾದದ ಉದ್ದ, ಸುತ್ತಳತೆ ಅಳೆಯುತ್ತಾರೆ. ಆ ಅಳತೆಗೆ ಹೊಂದುವ ಮರದ ಕಾಲಚ್ಚನ್ನು ತೆಗೆದುಕೊಳ್ಳುತ್ತಾರೆ, ಬೇಕಾದಲ್ಲಿ ಚರ್ಮದ ಚೂರು ಅಂಟಿಸಿ ಉಬ್ಬಿಸುತ್ತಾರೆ. ಈ ಅಚ್ಚಿಗೆ ಇಂಗ್ಲಿಷಿನವರು ಲಾಸ್ಟ್ ಅನ್ನುತ್ತಾರೆ. ಅದರ ಮೇಲೆ ಚರ್ಮ ಎಳೆದು, ಮೊಳೆ ಹೊಡೆದು, ಅಡಿ ಹೊಲಿದರೆ ಶೂ. ಮೊದಲು ಕಾಲು, ಆಮೇಲೆ ಅಚ್ಚು, ಕೊನೆಗೆ ಶೂ. ನಮ್ಮ ಊರಲ್ಲಿ ಅಡಿಕೆ ಹಾಳೆಯ ಮುಟ್ಟಾಳೆಯನ್ನು ತಲೆ ನೋಡಿ ಮಾಡಿಕೊಡುವ ಹಾಗೆ. ಅದಕ್ಕೆ ಎಂಟು ಒಂಬತ್ತು ಅಂತ ನಂಬರ್ ಎಂತಕ್ಕೆ?

1894ರಲ್ಲಿ, ಹದಿನೆಂಟನೇ ವಯಸ್ಸಿಗೆ, ತೋಮಾಶ್ ಅಣ್ಣ ಆಂತೊನೀನ್ ಮತ್ತು ಅಕ್ಕ ಆನ್ನಾ ಜೊತೆ ಸೇರಿ ತಾಯಿಯ ಪಾಲಿನಿಂದ ಬಂದ ದುಡ್ಡಿನಲ್ಲಿ ಸ್ವಂತ ಕಂಪನಿ ಶುರು ಮಾಡಿದರು. ಕೆಲಸದವರಿಗೆ ನಿಗದಿತ ಹೊತ್ತು, ವಾರಕ್ಕೊಮ್ಮೆ ಸಂಬಳ. ಆ ಕಸುಬಿನಲ್ಲಿ ಅದು ಹೊಸತು. ವರ್ಷ ತುಂಬುವಾಗ ಸಾಲ ಕುತ್ತಿಗೆಗೆ ಬಂದಿತ್ತು. ಅಣ್ಣ ಸೈನ್ಯದ ಕಡ್ಡಾಯ ಸೇವೆಗೆ ಹೋದರು, ಜವಾಬ್ದಾರಿ ತಮ್ಮನ ತಲೆಗೆ ಬಿತ್ತು. ಚರ್ಮ ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಹಾಗಾದರೆ ಬಟ್ಟೆಯಲ್ಲೇ ಹೊಲಿಯುವುದು ಅಂತ ಕ್ಯಾನ್ವಾಸಿನ ಶೂ ಮಾಡಿದರು. ಹಗುರ, ಅಗ್ಗ. ಜನ ಮುಗಿಬಿದ್ದು ಕೊಂಡರು. ಅಲ್ಲಿನವರು ಅದನ್ನು ಬಾಟೋವ್ಕಿ ಎಂದೇ ಕರೆದರು. ಶನಿವಾರ ಡ್ರಿಲ್ಲಿಗೆ ಬಿಳಿ ಪಾಲಿಶ್ ಬಳಿದು ಹಾಕುತ್ತಿದ್ದ ನಮ್ಮ ಕ್ಯಾನ್ವಾಸ್ ಶೂಗಳಿಗೆ ಅದು ಮುತ್ತಜ್ಜ ಅಂತ ಹೇಳಬಹುದು.

1904ರಲ್ಲಿ ಬಾಟಾ ತಮ್ಮ ಕೆಲವು ಕೆಲಸಗಾರರನ್ನು ಕರೆದುಕೊಂಡು ಅಮೆರಿಕಕ್ಕೆ ಹಡಗು ಹತ್ತಿದರು. ಹೋದದ್ದು ಮ್ಯಾಸಚೂಸೆಟ್ಸ್‌ನ ಲಿನ್ ಎಂಬ ಊರಿಗೆ, ಶೂ ಕಾರ್ಖಾನೆಗಳ ಊರು ಅದು. ಸ್ವಂತ ಕಂಪನಿಯ ಯಜಮಾನ ಅಲ್ಲಿ ಸಾಮಾನ್ಯ ಕಾರ್ಮಿಕನಾಗಿ ಮೆಷಿನ್ ಮುಂದೆ ನಿಂತರು. ನಮಗೆ ಈ ಒಂದು ಕಾರಣಕ್ಕೇ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು. ಇಂಟರ್ನ್‌ಶಿಪ್ ಸರ್ಟಿಫಿಕೇಟಿಗಾಗಿ ಮಾತ್ರ ಓಡಾಡುವ ನಾವು ಇಲ್ಲಿ ಹೆಚ್ಚು ಮಾತಾಡುವ ಹಾಗಿಲ್ಲ.

ಲಿನ್ ಅಂದಾಗ ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗಲಿಕ್ಕಾಗುವುದಿಲ್ಲ. ಯಾನ್ ಮಾಟ್ಸೆಲಿಗರ್, ದಕ್ಷಿಣ ಅಮೆರಿಕದ ಸುರಿನಾಮಿನಿಂದ ಬಂದ ಕಪ್ಪು ವರ್ಣೀಯ ಯುವಕ. ಚರ್ಮವನ್ನು ಅಚ್ಚಿನ ಮೇಲೆ ಎಳೆದು ಕೂರಿಸುವ ಕೆಲಸ ಮೆಷಿನ್ನಿಂದ ಆಗುವಂಥದ್ದಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದರು. ನುರಿತ ಕೈ ದಿನಕ್ಕೆ 50 ಜೊತೆ ಮಾಡಿದರೆ ದೊಡ್ಡದು. ಮಾಟ್ಸೆಲಿಗರ್ 1883ರಲ್ಲಿ ಪೇಟೆಂಟ್ ಪಡೆದ ಯಂತ್ರ ಅದನ್ನು ನೂರಾರು ಜೊತೆಗೆ ಏರಿಸಿತು. 1889ರಲ್ಲಿ, ನಲವತ್ತು ತುಂಬುವ ಮೊದಲೇ, ಕ್ಷಯದಿಂದ ತೀರಿಕೊಂಡರು. ಬಾಟಾ ಲಿನ್‌ಗೆ ಬರುವ ಹೊತ್ತಿಗೆ ಅಲ್ಲಿನ ಕಾರ್ಖಾನೆಗಳ ವೇಗದ ಹಿಂದೆ ಇದ್ದದ್ದು ಈ ಕೆಲಸ.

ಈ ವೇಗದಿಂದ ಒಂದು ವಿಷಯ ತಿರುಗಿ ಬಿತ್ತು. ಇಷ್ಟು ಜೋರಾಗಿ ಶೂ ತಯಾರಾಗುವಾಗ ಗಿರಾಕಿ ಬಂದು ಕಾಲು ಕೊಡುವವರೆಗೆ ಕಾಯಲು ಆಗ್ತದಾ? ಮೊದಲು ಅಚ್ಚು, ಆಮೇಲೆ ಶೂ, ಕೊನೆಗೆ ಅದಕ್ಕೆ ಹೊಂದುವ ಕಾಲು ಹುಡುಕುವುದು. ಆ ಹುಡುಕಾಟಕ್ಕೆ ಬೇಕಾದದ್ದು ನಂಬರ್. ನಂಬರ್ ಪದ್ಧತಿ ಬಾಟಾ ಕಂಡುಹಿಡಿದದ್ದಲ್ಲ, ಅದು ಹಳೆಯದು. ಅದನ್ನು ಬಡವರ ಕಾಲಿನವರೆಗೆ ತಂದವರಲ್ಲಿ ಅವರು ಮುಖ್ಯರು.

ಸ್ವಲ್ಪ ಲೆಕ್ಕ ಮಾಡೋಣ, ಇಂಜಿನಿಯರಿಂಗ್ ಓದುವವರು ತಾನೇ. ನಮ್ಮಲ್ಲಿ ನಡೆಯುವುದು ಇಂಗ್ಲೆಂಡಿನ ನಂಬರ್. ಅದರ ಒಂದು ಹೆಜ್ಜೆ ಒಂದು ಬಾರ್ಲಿ ಕಾಳಿನ ಉದ್ದ, ಅಂದರೆ ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿಲಿಮೀಟರ್. ಸೊನ್ನೆ ಶುರುವಾಗುವುದು 4 ಇಂಚಿನಲ್ಲಿ. ಮಕ್ಕಳ ನಂಬರ್ 13ರವರೆಗೆ ಏರಿ, ಕೌಂಟರ್ ಓವರ್‌ಫ್ಲೋ ಆದ ಹಾಗೆ ಮತ್ತೆ 1ರಿಂದ ದೊಡ್ಡವರ ನಂಬರ್. ಈ ಲೆಕ್ಕದಲ್ಲಿ 8 ಅಂದರೆ 11 ಇಂಚು, 27.9 ಸೆಂಟಿಮೀಟರ್. ಯುರೋಪಿನ ನಂಬರಿನ ಹೆಜ್ಜೆ 6.67 ಮಿಲಿಮೀಟರ್. ಅಲ್ಲಿಯ 42 ಅಂದರೆ 28 ಸೆಂಟಿಮೀಟರ್. 8 ಮತ್ತು 42 ಹೆಚ್ಚುಕಡಿಮೆ ಕೂಡಿಬಂದವು. ಆದರೆ 7ನ್ನು ಹಿಡಿದರೆ ಅದು 40ಕ್ಕೂ 41ಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ಹೆಜ್ಜೆಯ ಉದ್ದವೇ ಬೇರೆ ಆದ ಮೇಲೆ ಎರಡು ಸ್ಕೇಲು ಎಲ್ಲಾ ಕಡೆ ಕೂಡಲಿಕ್ಕೆ ಸಾಧ್ಯವಾ? ಒಬ್ಬ ತಯಾರಕ ಮೇಲಕ್ಕೆ ರೌಂಡ್ ಮಾಡುತ್ತಾನೆ, ಇನ್ನೊಬ್ಬ ಕೆಳಕ್ಕೆ.

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆ 27.9 ಸೆಂಟಿಮೀಟರ್ ನಮ್ಮ ಕಾಲಿನ ಉದ್ದವೇ ಅಲ್ಲ, ಅಚ್ಚಿನ ಉದ್ದ! ಬೆರಳಿನ ಮುಂದೆ ಆಡಲು ಒಂದೂವರೆ ಎರಡು ಸೆಂಟಿಮೀಟರ್ ಬಿಡಬೇಕು. ಎಷ್ಟು ಬಿಡುವುದು ಎಂಬುದು ಅಚ್ಚು ಮಾಡುವವನ ತೀರ್ಮಾನ. ಚೂಪು ಮೂತಿಯ ಫಾರ್ಮಲ್ ಶೂಗೆ ಒಂದು ಅಚ್ಚು, ಓಡುವ ಶೂಗೆ ಇನ್ನೊಂದು, ಕ್ಯಾನ್ವಾಸಿಗೆ ಮತ್ತೊಂದು. ಒಂದೇ ಬ್ರಾಂಡಿನ ಒಳಗೇ ಹೀಗೆ. ಅಗಲದ ಬಗ್ಗೆ ನಂಬರ್ ಬಾಯಿಯೇ ಬಿಡುವುದಿಲ್ಲ. ಬೆಳ್ತಂಗಡಿಯವನ ಕಾಲು ಅಗಲ. ಮಳೆಗಾಲ ಪೂರ್ತಿ ತೋಟದಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದವ ಅವನು.

ಬಾಟಾ ಕತೆಗೆ ವಾಪಸ್ ಬರೋಣ. ಊರಿಗೆ ಮರಳಿದ ಮೇಲೆ ಕಾರ್ಖಾನೆಗೆ ಯಂತ್ರಗಳು ಬಂದವು. 1908ರಲ್ಲಿ ಅಣ್ಣ ತೀರಿಕೊಂಡರು. ಮೊದಲ ಮಹಾಯುದ್ಧದಲ್ಲಿ ಸೈನ್ಯದ ಬೂಟಿನ ಆರ್ಡರು ಕಂಪನಿಯನ್ನು ದೊಡ್ಡದು ಮಾಡಿತು, ಯುದ್ಧ ಮುಗಿದು ಹೊಸ ದೇಶ ಚೆಕೊಸ್ಲೊವಾಕಿಯಾ ಹುಟ್ಟಿದಾಗ ವ್ಯಾಪಾರ ಮುಗ್ಗರಿಸಿತು. 1922ರಲ್ಲಿ ಬಾಟಾ ಒಂದೇ ಏಟಿಗೆ ಶೂಗಳ ಬೆಲೆಯನ್ನು ಅರ್ಧಕ್ಕೆ ಇಳಿಸಿದರು. ಉಳಿದ ವ್ಯಾಪಾರಿಗಳು ನಕ್ಕರು, ಅಂಗಡಿಗಳ ಮುಂದೆ ಮಾತ್ರ ಸಾಲು ನಿಂತಿತು. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ಹೊತ್ತಿಗೆ ಕೆಲಸಗಾರರ ಸಂಬಳವೂ ಶೇಕಡಾ 40ರಷ್ಟು ಇಳಿಯಿತು. ದಿನಸಿ, ಬಟ್ಟೆಯನ್ನು ಕಂಪನಿಯೇ ಅಗ್ಗದಲ್ಲಿ ಕೊಟ್ಟಿತು ನಿಜ. ಆಮೇಲೆ ಲಾಭದಲ್ಲಿ ಪಾಲು, ಇಟ್ಟಿಗೆಯ ಮನೆಗಳು, ಆಸ್ಪತ್ರೆ, ಹುಡುಗರಿಗೆ ಕೆಲಸದ ಶಾಲೆ ಎಲ್ಲಾ ಬಂತು. 1923ರಲ್ಲಿ ಅವರೇ ಜ್ಲೀನ್ ಊರಿನ ಮೇಯರ್ ಆದರು. ಕೆಲಸ ಕೊಡುವವನೂ ಅವನೇ, ಮನೆ ಕೊಡುವವನೂ ಅವನೇ, ಊರು ಆಳುವವನೂ ಅವನೇ ಆದರೆ ಎದುರು ಮಾತಾಡುವವನು ಎಲ್ಲಿಗೆ ಹೋಗಬೇಕು? ಯೂನಿಯನ್ ಅಂದರೆ ಅವರಿಗೆ ಆಗುತ್ತಿರಲಿಲ್ಲ. ನಮ್ಮಲ್ಲಿ ಈ ಬಗ್ಗೆ ಜಗಳವೇ ಆಯ್ತು, ಇನ್ನೂ ಮುಗಿದಿಲ್ಲ.

9ಕ್ಕೆ ಮುಗಿಯುವ ಬೆಲೆಯನ್ನು ಅಲ್ಲಿನ ಜನ ಬಾಟಾ ಬೆಲೆ ಎಂದು ಕರೆಯುತ್ತಿದ್ದರು. ಆ್ಯಪಿನಲ್ಲಿ 999 ನೋಡುವಾಗ ನೆನಪಿರಲಿ.

ನಮಗೆ ಇಷ್ಟವಾದದ್ದು ಅವರ ಅಂಗಡಿಗಳು. ನಂಬರ್ ಎಲ್ಲವನ್ನೂ ಹೇಳುವುದಿಲ್ಲ ಎಂಬುದು ಬಾಟಾಗೆ ಗೊತ್ತಿತ್ತು. ಎಷ್ಟೆಂದರೂ ಅಳತೆ ತೆಗೆದ ಕೈ. ಹಾಗಾಗಿ ಅಂಗಡಿಯಲ್ಲಿ ಗಿರಾಕಿಯನ್ನು ಕೂರಿಸಿ, ಕಾಲು ನೋಡಿ ಶೂ ತೊಡಿಸುವ ಸಿಬ್ಬಂದಿ ಇದ್ದರು. ಪಾದದ ಆರೈಕೆ, ರಿಪೇರಿ, ಸಾಕ್ಸ್ ಎಲ್ಲಾ ಅಲ್ಲೇ. ಅದೇ 1920ರ ದಶಕದಲ್ಲಿ ಅಮೆರಿಕದಲ್ಲಿ ಶೂ ಅಂಗಡಿಯವರ ಮಗ ಚಾರ್ಲ್ಸ್ ಬ್ರಾನಕ್ ಉದ್ದ, ಅಗಲ ಎರಡನ್ನೂ ಅಳೆಯುವ ಜಾರುಪಟ್ಟಿಯ ಉಪಕರಣ ಮಾಡಿದರು. ಅಚ್ಚಿಗೂ ಕಾಲಿಗೂ ನಡುವಿನ ಅಂತರವನ್ನು ತುಂಬುತ್ತಿದ್ದದ್ದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ ಒಬ್ಬ ಮನುಷ್ಯ. ಬಿ.ಸಿ. ರೋಡಿನ ಅಂಗಡಿಯಲ್ಲಿ ಜೂನ್ ತಿಂಗಳಲ್ಲಿ ಹೆಬ್ಬೆರಳು ಎಲ್ಲಿ ಬಂತು ಅಂತ ಶೂವಿನ ಮೂತಿ ಒತ್ತಿ ನೋಡುತ್ತಿದ್ದವರು ನಿಮಗೂ ನೆನಪಿರಬಹುದು. ಆನ್‌ಲೈನಿನಲ್ಲಿ ಅಂಗಡಿ ಬಂತು, ಅವರು ಬರಲಿಲ್ಲ.

ಅವರ ಜೊತೆ ನಮ್ಮ ಅಪ್ಪ ಅಮ್ಮ ನಡೆಸುತ್ತಿದ್ದ ಒಳಸಂಚೂ ನೆನಪಾಯ್ತು. ಮುಂದಿನ ವರ್ಷಕ್ಕೂ ಬರಲಿ ಅಂತ ಒಂದು ನಂಬರ್ ದೊಡ್ಡದು ತೆಗೆದು, ಮುಂದೆ ಹತ್ತಿ ತುರುಕುವುದು. ನಮ್ಮ ಎಂಟು ನಂಬರ್ ಅಂತ ನಾವು ಎದೆ ತಟ್ಟಿ ಹೇಳುತ್ತಿದ್ದದ್ದು ಹತ್ತನೇ ಕ್ಲಾಸಿನ ಆ ಹತ್ತಿ ತುರುಕಿದ ಶೂವಿನ ನಂಬರ್!

1931ರ ಕೊನೆಗೆ ಬಾಟಾ ಕಂಪನಿಯ ವಿಮಾನದಲ್ಲಿ ಪೂರ್ವ ದೇಶಗಳ ಕಡೆ ಹೊರಟು ಭಾರತಕ್ಕೂ ಬಂದರು. ಬರಿಗಾಲಿನ ದೇಶ, ಚರ್ಮಕ್ಕೆ ಬರವಿಲ್ಲದ ದೇಶ. ಅದೇ ವರ್ಷ ಇಲ್ಲಿ ಕಂಪನಿ ನೋಂದಣಿಯಾಗಿತ್ತು. ಕೊಲ್ಕತ್ತದ ಹತ್ತಿರ ಕೊನ್ನಗರದಲ್ಲಿ ಕೆಲಸ ಶುರುವಾಯಿತು. 1934ರಲ್ಲಿ ಹೂಗ್ಲಿ ದಡದಲ್ಲಿ ಬಾಟಾನಗರಕ್ಕೆ ಅಡಿಗಲ್ಲು ಬಿತ್ತು. ಅದನ್ನು ನೋಡಲು ಅವರು ಇರಲಿಲ್ಲ.

1932ರ ಜುಲೈ 12ರ ಬೆಳಗ್ಗೆ ಸ್ವಿಟ್ಜರ್ಲೆಂಡಿಗೆ ಹೊರಡಬೇಕಿತ್ತು. ಒತ್ರೊಕೊವಿತ್ಸೆಯ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ಆ ಮಂಜಿನಲ್ಲೇ ವಿಮಾನ ಏರಿತು, ಏರಿದ ಸ್ವಲ್ಪ ಹೊತ್ತಿಗೆ ನೆಲಕ್ಕೆ ಬಿತ್ತು. ಬಾಟಾ ಮತ್ತು ಪೈಲಟ್ ಬ್ರೌಚೆಕ್ ಇಬ್ಬರೂ ಸತ್ತರು. ಬಾಟಾಗೆ 56 ವರ್ಷ. ಮುಂದೆ ಮಲತಮ್ಮ ಯಾನ್ ಆಂತೊನೀನ್ ಕಂಪನಿ ನಡೆಸಿದರು. ಜ್ಲೀನ್‌ನಲ್ಲಿ ಗಾಜಿನ ಒಂದು ಸ್ಮಾರಕ ಉಂಟು, ಈಗ ಅವರ ಹೆಸರಿನ ವಿಶ್ವವಿದ್ಯಾಲಯವೂ ಉಂಟು.

ಇತ್ತ ನಮ್ಮ ದೇಶದ ಕಾಲನ್ನು ಸರಿಯಾಗಿ ಅಳೆಯುವ ಕೆಲಸ ಈಗ ನಡೆದಿದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದವನ್ನು ತ್ರೀಡಿ ಸ್ಕ್ಯಾನ್ ಮಾಡಿದರು. ನಮ್ಮವರ ಕಾಲು ಸಾಮಾನ್ಯವಾಗಿ ಅಗಲ ಎಂಬುದು ಅಲ್ಲಿ ಕಂಡಿತು. ಅದರ ಮೇಲೆ ಭಾರತದ್ದೇ ಒಂದು ಅಳತೆ ಪದ್ಧತಿ ಸೂಚಿಸಿ ಅದಕ್ಕೆ ಭಾ ಎಂದು ಹೆಸರಿಟ್ಟಿದ್ದಾರೆ.

ಅದು ಬರುವವರೆಗೆ ನಾವು ಹಾಸ್ಟೆಲಿನಲ್ಲಿ ಒಂದು ಕ್ರಮ ಮಾಡಿಕೊಂಡಿದ್ದೇವೆ. ಡ್ರಾಯಿಂಗ್ ಶೀಟನ್ನು ಗೋಡೆಗೆ ತಾಗಿಸಿ ನೆಲಕ್ಕೆ ಹಾಸುವುದು. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ಹಿಮ್ಮಡಿ ಗೋಡೆಗೆ ಒತ್ತಿ ನಿಲ್ಲುವುದು. ಕೂತು ಅಳೆದರೆ ಕಮ್ಮಿ ಬರ್ತದೆ. ಎರಡೂ ಕಾಲು ಅಳೆದು ಉದ್ದದ್ದನ್ನು ಲೆಕ್ಕಕ್ಕೆ ಹಿಡಿಯುವುದು, ಅಗಲವನ್ನೂ ಬರೆದಿಡುವುದು. ಆರ್ಡರ್ ಮಾಡುವಾಗ ನಂಬರ್ ಬಿಟ್ಟು ಆ ಮಾಡೆಲಿನ ಚಾರ್ಟಿನಲ್ಲಿ ಸೆಂಟಿಮೀಟರ್ ನೋಡುವುದು, ಅದು ಪಾದದ ಉದ್ದವೋ ಶೂವಿನ ಒಳಗಿನ ಉದ್ದವೋ ಎಂದು ಓದಿಕೊಳ್ಳುವುದು. ಬಂದ ಶೂವನ್ನು ಮೊದಲು ಮಂಚದ ಮೇಲೆ ಹಾಕಿ ನೋಡುವುದು, ನೆಲಕ್ಕೆ ಇಳಿಸುವುದು ಆಮೇಲೆ.

ಬೆಳ್ತಂಗಡಿಯವನ ಕಾಲು 26.4 ಬಂತು, ಬಲಗಾಲು 26.7. ಆ ಬಿಗಿ ಶೂ ಈಗ ಅವನ ತಮ್ಮನ ಕಾಲಲ್ಲಿದೆ. ತಮ್ಮ ಒಂಬತ್ತನೇ ಕ್ಲಾಸು, ಅವನಿಗೆ ದೊಡ್ಡದು, ಮುಂದೆ ಹತ್ತಿ ತುರುಕಿದ್ದಾರೆ. ಇವನು ಸದ್ಯ ಬಂಟ್ವಾಳದವನ ಹಳೇ ಶೂ ಹಾಕಿಕೊಂಡು ಲ್ಯಾಬಿಗೆ ಬರ್ತಾನೆ. ಉಗುರು ಪೂರ್ತಿ ಬರಲಿಕ್ಕೆ ಇನ್ನೂ ಕೆಲವು ತಿಂಗಳು ಬೇಕಂತೆ.