ಕೂಲಿಯ ಲೆಕ್ಕ ಕೇಳಿದ ಅಯ್ಯನ್‌ಕಾಳಿ

ನಮ್ಮ ವಾಣಿಜ್ಯ ತರಗತಿಯಲ್ಲಿ ಕೂಲಿಯ ಪಾಠ ಬಹಳ ಸರಳ. ಕೆಲಸಗಾರರಿಗೆ ಬೇಡಿಕೆ ಹೆಚ್ಚಾದರೆ ಕೂಲಿ ಏರುತ್ತದೆ, ಕೆಲಸ ಕೇಳಿಕೊಂಡು ಬರುವವರು ಹೆಚ್ಚಾದರೆ ಇಳಿಯುತ್ತದೆ. ಎರಡು ಗೆರೆ ಎಳೆದು, ಅವು ಕೂಡುವ ಕಡೆ ಒಂದು ಚುಕ್ಕಿ ಇಟ್ಟರೆ ಮುಗಿಯಿತು. ಆದರೆ ಕೆಲಸ ಒಲ್ಲೆ ಅನ್ನುವುದಕ್ಕೇ ಆಗದವನ ಕೂಲಿ ಎಲ್ಲಿ ಹೋಗಿ ನಿಲ್ಲುತ್ತದೆ? ಇದಕ್ಕೆ ಉತ್ತರ ಓದು ಬರಹ ಬಾರದ ಒಬ್ಬ ಮನುಷ್ಯನ ಬದುಕಿನಲ್ಲಿದೆ. ಅವರು ಅಯ್ಯನ್‌ಕಾಳಿ. ಕೇರಳದಲ್ಲಿ ಮನೆಮಾತಾದ ಹೆಸರು. ಪಕ್ಕದಲ್ಲೇ ಇರುವ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಅಯ್ಯನ್‌ಕಾಳಿ ಹುಟ್ಟಿದ್ದು 1863ರ ಆಗಸ್ಟ್ 28ರಂದು, ತಿರುವನಂತಪುರದ ದಕ್ಷಿಣಕ್ಕಿರುವ ವೆಂಗಾನೂರಿನಲ್ಲಿ. ತಂದೆ ಅಯ್ಯನ್, ತಾಯಿ ಮಾಲಾ. ಜಾತಿಯಿಂದ ಪುಲಯರು. ತಿರುವಾಂಕೂರು ಸಂಸ್ಥಾನದಲ್ಲಿ ಗುಲಾಮಗಿರಿ ರದ್ದಾಗಿ ಆಗಿನ್ನೂ ಎಂಟೇ ವರ್ಷವಾಗಿತ್ತು. 1855ರಲ್ಲಿ ರಾಜಾಜ್ಞೆ ಬಂದಿತ್ತು, ನಿಜ. ಆದರೆ ಕಾಗದದ ಮೇಲೆ ಬಿಡುಗಡೆಯಾದವನು ಮರುದಿನ ಬೆಳಿಗ್ಗೆ ಅದೇ ಧಣಿಯ ಗದ್ದೆಗೇ ಇಳಿಯಬೇಕಾಗಿತ್ತು. ಉಳುವುದು, ನಾಟಿ ಮಾಡುವುದು, ಕೊಯ್ಯುವುದು ಎಲ್ಲಾ ಇವರ ಪಾಲಿಗೆ. ಕೂಲಿ ದುಡ್ಡಿನಲ್ಲಲ್ಲ, ಭತ್ತದಲ್ಲಿ. ಅಳೆದು ಹಾಕುವವನು ಧಣಿ. ಎಷ್ಟು ಹಾಕಿದರೆ ಅಷ್ಟು.

ಇನ್ನೊಂದು ಕಡೆ ಕೆಲಸ ಹುಡುಕಬಹುದಿತ್ತಲ್ಲ ಅಂತ ನಾವು ಕೇಳಬಹುದು. ಹುಡುಕುವುದಕ್ಕೆ ರಸ್ತೆಯಲ್ಲಿ ನಡೆಯಬೇಕು. ಪುಲಯರಿಗೆ ರಾಜಬೀದಿ ನಿಷಿದ್ಧ, ಸಂತೆ ನಿಷಿದ್ಧ, ಶಾಲೆ ನಿಷಿದ್ಧ. ಹೀಗಿದ್ದ ಮೇಲೆ ಪಕ್ಕದೂರಿನಲ್ಲಿ ಕೂಲಿ ಹೆಚ್ಚಿದ್ದರೂ ಅಲ್ಲಿಗೆ ಹೋಗುವುದು ಹೇಗೆ? ಬೇರೆ ಕಸುಬು ಕಲಿಯುವುದು ಹೇಗೆ? ಅಂದರೆ ಧಣಿ ಕೊಟ್ಟದ್ದೇ ಕೂಲಿ. ಇದನ್ನು ಮಾರುಕಟ್ಟೆ ಅಂತ ಕರೆಯುವುದಕ್ಕೆ ಬರುವುದಿಲ್ಲ. ಅಯ್ಯನ್‌ಕಾಳಿಯವರ ಇಡೀ ಜೀವನವನ್ನು ಈ ಕಣ್ಣಿನಿಂದ ನೋಡಿದರೆ, ಅವರು ರಸ್ತೆಗಾಗಿ ಮಾಡಿದ ಜಗಳವೂ ಶಾಲೆಗಾಗಿ ಮಾಡಿದ ಜಗಳವೂ ಕೂಲಿಗಾಗಿ ಮಾಡಿದ ಜಗಳವೂ ಒಂದೇ ಅಂತ ಗೊತ್ತಾಗುತ್ತದೆ.

ಮೊದಲು ರಸ್ತೆ. 1893ರಲ್ಲಿ ಅವರು ಒಂದು ವಿಲ್ಲುವಂಡಿ, ಅಂದರೆ ಉಳ್ಳವರು ಓಡಾಡುವಂಥ ಎತ್ತಿನ ಗಾಡಿ, ಕೊಂಡುಕೊಂಡರು. ಒಳ್ಳೆಯ ಬಟ್ಟೆ ಉಟ್ಟು, ತಲೆಗೆ ರುಮಾಲು ಸುತ್ತಿ, ಆ ಗಾಡಿಯಲ್ಲಿ ಕೂತು ರಾಜಬೀದಿಯಲ್ಲೇ ಹೊರಟರು. ತಡೆಯಲು ಬಂದವರಿಗೆ ಜಗ್ಗಲಿಲ್ಲ. 1898ರಲ್ಲಿ ಬಾಲರಾಮಪುರದ ಬೀದಿಯಲ್ಲಿ ಹೊಡೆದಾಟವೇ ನಡೆಯಿತು. ಪೆಟ್ಟು ತಿಂದರು, ಪೆಟ್ಟು ಕೊಟ್ಟರು. ರಸ್ತೆ ಮಾತ್ರ ಬಿಡಲಿಲ್ಲ.

ಆಮೇಲೆ ಶಾಲೆ. ತಮ್ಮ ಮಕ್ಕಳಿಗೆ ಸರ್ಕಾರಿ ಶಾಲೆಯಲ್ಲಿ ಜಾಗ ಇಲ್ಲದ್ದರಿಂದ ವೆಂಗಾನೂರಿನಲ್ಲಿ ತಾವೇ ಒಂದು ಗುಡಿಸಲು ಶಾಲೆ ಕಟ್ಟಿದರು. ಆಗದವರು ಅದಕ್ಕೆ ಬೆಂಕಿ ಇಟ್ಟರು. 1907ರಲ್ಲಿ ಅಯ್ಯನ್‌ಕಾಳಿ ಸಾಧುಜನ ಪರಿಪಾಲನ ಸಂಘ ಸ್ಥಾಪಿಸಿದರು. ವಾರದಲ್ಲಿ ಏಳು ದಿನದ ಬದಲು ಆರು ದಿನ ಮಾತ್ರ ದುಡಿಮೆ ಅನ್ನುವುದು ಈ ಸಂಘದ ಬೇಡಿಕೆಗಳಲ್ಲಿ ಒಂದು. ಭಾನುವಾರದ ರಜೆಯನ್ನು ನಾವು ಹುಟ್ಟಿನಿಂದ ಬಂದದ್ದು ಅಂದುಕೊಂಡಿದ್ದೇವೆ. ಅದನ್ನೂ ಯಾರೋ ಕೇಳಿ ಪಡೆಯಬೇಕಾಗಿತ್ತು ನೋಡಿ.

ಶಾಲೆಗೆ ಪುಲಯ ಮಕ್ಕಳನ್ನು ಸೇರಿಸಬಹುದು ಅಂತ ಸರ್ಕಾರದ ಆಜ್ಞೆ ಬಂದರೂ ಊರಿನ ಮೇಲ್ಜಾತಿಯವರು ಒಳಗೆ ಬಿಡಲಿಲ್ಲ. ಸಂಘ ಹುಟ್ಟಿದ ಆ ಆಸುಪಾಸಿನ ವರ್ಷಗಳಲ್ಲೇ ಅಯ್ಯನ್‌ಕಾಳಿ ಕೊನೆಯ ಅಸ್ತ್ರ ತೆಗೆದರು. ನಮ್ಮ ಮಕ್ಕಳು ಶಾಲೆಗೆ ಹೋಗುವವರೆಗೆ ನಿಮ್ಮ ಗದ್ದೆಗೆ ನಾವು ಇಳಿಯುವುದಿಲ್ಲ ಅಂತ ನಿಶ್ಚಯವಾಯಿತು. ಅದರ ಜೊತೆಗೆ ಕೂಲಿ ಹೆಚ್ಚಬೇಕು, ದಾರಿಯಲ್ಲಿ ನಡೆಯುವುದಕ್ಕೆ ಬಿಡಬೇಕು ಅನ್ನುವ ಬೇಡಿಕೆಗಳು. ಗದ್ದೆಗಳು ಬೀಳು ಬಿದ್ದವು, ಕಳೆ ಬೆಳೆಯಿತು. ಧಣಿಗಳು ಪಂಚೆ ಎತ್ತಿಕಟ್ಟಿ ತಾವೇ ಕೆಸರಿಗಿಳಿದರಂತೆ. ಅಭ್ಯಾಸವಿಲ್ಲದ ಕೈಗೆ ನಾಟಿ ಬಂದೀತೇ? ಹಲವರು ಸೇರಿದರೂ ಒಬ್ಬ ಪುಲಯನ ಕೆಲಸ ಆಗಲಿಲ್ಲವೆಂದು ಆ ಕಡೆ ಈಗಲೂ ಹೇಳಿ ನಗುತ್ತಾರೆ.

ಆದರೆ ನಗುವ ವಿಷಯವಲ್ಲ. ಮುಷ್ಕರದಲ್ಲಿ ಮೊದಲು ಹಸಿಯುವುದು ಕೂಲಿಯವನ ಹೊಟ್ಟೆ. ಧಣಿಯ ಕಣಜದಲ್ಲಿ ಹೋದ ವರ್ಷದ ಭತ್ತ ಇರುತ್ತದೆ. ಕೂಲಿಯವನ ಮಡಕೆಯಲ್ಲಿ ನಾಳೆಯದೂ ಇರುವುದಿಲ್ಲ. ಯಾರು ಹೆಚ್ಚು ದಿನ ಕಾಯಬಲ್ಲರೋ ಅವರದೇ ಗೆಲುವು. ಧಣಿಗಳೂ ಇದನ್ನೇ ನಂಬಿ ಕೂತಿದ್ದರು. ಅಯ್ಯನ್‌ಕಾಳಿ ಇದಕ್ಕೂ ದಾರಿ ಹುಡುಕಿದರು. ಹತ್ತಿರದ ವಿಳಿಂಜಂ ಕಡಲತೀರದ ಮೀನುಗಾರರ ಹತ್ತಿರ ಮಾತಾಡಿ, ಪ್ರತಿ ದೋಣಿಯಲ್ಲೂ ತಮ್ಮವರು ಒಬ್ಬೊಬ್ಬರನ್ನು ಕೆಲಸಕ್ಕೆ ಸೇರಿಸಿದರು. ಅವರಿಗೆ ಬಂದ ಪಾಲಿನಿಂದ ಕೇರಿಯ ಒಲೆಗಳು ಉರಿದವು. ಗದ್ದೆ ಬಿಟ್ಟರೆ ಗತಿಯಿಲ್ಲ ಅನ್ನುವ ಸ್ಥಿತಿ ತಪ್ಪಿದ ಕೂಡಲೇ ಧಣಿಯ ಬಿಗಿಯೂ ಸಡಿಲವಾಯಿತು. ಕೊನೆಗೆ ಸರ್ಕಾರ ಮ್ಯಾಜಿಸ್ಟ್ರೇಟ್ ಕಂಡಲ ನಾಗಂ ಪಿಳ್ಳೆಯವರನ್ನು ಮಧ್ಯಸ್ಥಿಕೆಗೆ ನೇಮಿಸಿತು. ರಾಜಿಯಲ್ಲಿ ಕೂಲಿ ಹೆಚ್ಚಿತು. ಶಾಲೆಯ, ದಾರಿಯ ಹಕ್ಕನ್ನೂ ಒಪ್ಪಿಕೊಂಡರು.

ಒಪ್ಪಿಕೊಂಡದ್ದೆಲ್ಲ ನಡೆಯಿತೇ? ಇಲ್ಲ. 1914ರಲ್ಲಿ ಪಂಚಮಿ ಎಂಬ ಹುಡುಗಿಯನ್ನು ಅಯ್ಯನ್‌ಕಾಳಿ ಊರೂಟ್ಟಂಬಲದ ಶಾಲೆಗೆ ಕರೆದುಕೊಂಡು ಹೋದಾಗ ಗಲಭೆಯಾಗಿ, ಶಾಲೆಯನ್ನೇ ಸುಟ್ಟರು. ಅಷ್ಟರಲ್ಲಿ, 1911ರಲ್ಲೇ, ಅವರನ್ನು ಶ್ರೀಮೂಲಂ ಪ್ರಜಾಸಭೆಗೆ ನಾಮಕರಣ ಮಾಡಲಾಗಿತ್ತು. ತಿರುವನಂತಪುರದ ವಿಕ್ಟೋರಿಯಾ ಜೂಬಿಲಿ ಟೌನ್ ಹಾಲಿನಲ್ಲಿ ದಿವಾನರೆದುರು ನಿಂತು ತಮ್ಮವರಿಗೆ ಭೂಮಿ ಕೊಡಿ, ಶಾಲೆ ಕೊಡಿ ಅಂತ ವರ್ಷ ವರ್ಷವೂ ಕೇಳಿದರು. ಭೂಮಿ ಯಾಕೆಂದರೆ, ಸ್ವಂತ ತುಂಡು ನೆಲ ಇದ್ದವನು ಕೂಲಿ ಮಾತಾಡುವಾಗ ತಲೆ ತಗ್ಗಿಸಬೇಕಾಗಿಲ್ಲ.

ಆಗ ಬೇರೆಯೇ ಸಂಸ್ಥಾನವಾಗಿದ್ದ ಕೊಚ್ಚಿಯಲ್ಲೂ ಇದೇ ಪಾಡು. ಅಲ್ಲಿ 1913ರಲ್ಲಿ ಪುಲಯರಿಗೆ ಸಭೆ ಸೇರಲು ನೆಲವೇ ಸಿಗದೆ, ಪಂಡಿತ್ ಕರುಪ್ಪನ್ ಅವರ ಪ್ರೇರಣೆಯಿಂದ ಹಿನ್ನೀರಿನ ಮೇಲೆ ದೋಣಿಗಳನ್ನು ಜೋಡಿಸಿಕೊಂಡು ಸಭೆ ನಡೆಸಿದರು. ಸ್ವಾತಂತ್ರ್ಯ ಬಂದ ಮೇಲೂ ಕೊಚ್ಚಿಯ ಮಟ್ಟಾಂಚೇರಿ ಬಂದರಿನಲ್ಲಿ ಚಾಪ್ಪ ಪದ್ಧತಿ ಇತ್ತು. ಕೆಲಸಕ್ಕೆ ಕಾದು ನಿಂತ ಗುಂಪಿನ ಮೇಲೆ ಲೋಹದ ಬಿಲ್ಲೆಗಳನ್ನು ಎಸೆಯುತ್ತಿದ್ದರು. ಬಡಿದಾಡಿ ಹೆಕ್ಕಿಕೊಂಡವನಿಗೆ ಅವತ್ತು ಕೆಲಸ, ಉಳಿದವರಿಗೆ ಉಪವಾಸ. ಇದರ ವಿರುದ್ಧ ಹೋರಾಟ ನಡೆದು 1953ರ ಸೆಪ್ಟೆಂಬರ್‌ನಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಬೇಡಿಕೆ ಪೂರೈಕೆಯ ಗೆರೆಗಳನ್ನು ಅವುಗಳ ಪಾಡಿಗೆ ಬಿಟ್ಟರೆ ಎಲ್ಲಿಗೆ ಮುಟ್ಟುತ್ತವೆ ಅನ್ನುವುದಕ್ಕೆ ಆ ಬಿಲ್ಲೆಗಳೇ ಸಾಕ್ಷಿ.

ಅಯ್ಯನ್‌ಕಾಳಿ 1941ರ ಜೂನ್ 18ರಂದು ತೀರಿಕೊಂಡರು. ಅದಕ್ಕೆ ನಾಲ್ಕು ವರ್ಷ ಮೊದಲು ಗಾಂಧೀಜಿ ವೆಂಗಾನೂರಿಗೆ ಬಂದಾಗ, ತಮ್ಮ ಸಮುದಾಯದಲ್ಲಿ ಹತ್ತು ಜನ ಬಿ.ಎ. ಆಗುವುದನ್ನು ನೋಡಿ ಸಾಯಬೇಕು ಅನ್ನುವ ಆಸೆಯನ್ನು ಅವರು ಹೇಳಿಕೊಂಡಿದ್ದರು. ಅವರು ಸತ್ತ ಏಳು ವರ್ಷಕ್ಕೆ, 1948ರಲ್ಲಿ, ಕನಿಷ್ಠ ವೇತನ ಕಾಯ್ದೆ ಬಂತು. ಮಾಲೀಕರು, ಕೆಲಸಗಾರರು ಸಮಸಂಖ್ಯೆಯಲ್ಲಿ, ಜೊತೆಗೆ ಎರಡೂ ಕಡೆಗೆ ಸೇರದವರು ಕೂತ ಸಮಿತಿಯ ಸಲಹೆ ಪಡೆದು ಸರ್ಕಾರ ಕೂಲಿ ಗೊತ್ತುಮಾಡಬಹುದು, ಐದು ವರ್ಷದೊಳಗೆ ಅದನ್ನು ಪುನಃ ನೋಡಬೇಕು ಅಂತ ಅದರಲ್ಲಿತ್ತು. ವ್ಯವಸಾಯದ ಕೂಲಿಯೂ ಅದರ ಪಟ್ಟಿಯಲ್ಲಿತ್ತು. ಕೇರಳ ಸರ್ಕಾರ ಹೆಂಚಿನ ಕಾರ್ಖಾನೆಗಳಿಗೆ ಹೀಗೆ ಕೂಲಿ ನಿಗದಿ ಮಾಡಿದಾಗ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಕನಿಷ್ಠ ಕೂಲಿಯ ವಿಷಯದಲ್ಲಿ ಮಾಲೀಕನಿಗೆ ಕೊಡುವ ಶಕ್ತಿ ಇದೆಯೇ ಅನ್ನುವ ಪ್ರಶ್ನೆ ಏಳುವುದಿಲ್ಲವೆಂದು ನ್ಯಾಯಾಲಯ 1961ರಲ್ಲಿ ತೀರ್ಪಿತ್ತಿತು. 1974ರಲ್ಲಿ ಕೇರಳ ಕೃಷಿ ಕಾರ್ಮಿಕರಿಗಾಗಿಯೇ ಬೇರೆ ಕಾಯ್ದೆ ಮಾಡಿತು. 2019ರಲ್ಲಿ ಸಂಸತ್ತು ಕೂಲಿಯ ನಾಲ್ಕು ಕಾಯ್ದೆಗಳನ್ನು ಸೇರಿಸಿ ಒಂದೇ ಸಂಹಿತೆ ಮಾಡಿತು.

ಅದೇ 2019ರಲ್ಲಿ ಪ್ರಜಾಸಭೆ ಸೇರುತ್ತಿದ್ದ ಆ ಟೌನ್ ಹಾಲಿಗೆ ಅಯ್ಯನ್‌ಕಾಳಿಯವರ ಹೆಸರಿಟ್ಟರು. ಸಂತೋಷವೇ. ಆದರೆ ನಾಳೆ ಲೆಕ್ಕಪತ್ರ ಬರೆಯಲು ಹೋಗುವ ನಮ್ಮಂಥ ವಾಣಿಜ್ಯದ ವಿದ್ಯಾರ್ಥಿಗಳು ನೆನಪಿಡಬೇಕಾದ್ದು ಬೇರೆ ಇದೆ. ಖರ್ಚಿನ ಪುಟದಲ್ಲಿ ನಾವು ಬರೆಯುವ ಕೂಲಿಯ ಅಂಕಿ ತಾನಾಗಿ ಬಂದು ಕೂತದ್ದಲ್ಲ. ಅದರ ಹಿಂದೆ ಯಾರೋ ಹಸಿದುಕೊಂಡು ಗದ್ದೆಯ ಬದುವಿನ ಮೇಲೆ ಕಾದಿದ್ದಾರೆ. ಕಾಯ್ದೆ ಇದ್ದರೂ ಆ ಅಂಕಿ ಕೆಲಸಗಾರನ ಕೈ ಸೇರಿತೋ ಇಲ್ಲವೋ ಅಂತ ನೋಡುವವರು ಬೇಕು. ಆ ಪುಸ್ತಕ ನಮ್ಮ ಕೈಯಲ್ಲೇ ಇರುತ್ತದೆ.