ಬೀದಿಗೆ ಬೆಳಕು ತಂದ ದಿವಾನರು

ಸಂಜೆಯ ಮಬ್ಬು ಕವಿಯುತ್ತಿದ್ದಂತೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಬೀದಿದೀಪಗಳು ಬೆಳಗತೊಡಗುತ್ತವೆ. ಅಡಕೆ ಮಾರಿ ಪೇಟೆಯಿಂದ ಮರಳುವ ರೈತನೂ, ಶಾಲೆಯಿಂದ ತಡವಾಗಿ ಮನೆ ಸೇರುವ ಬಾಲಕಿಯೂ ಆ ಬೆಳಕಿನಲ್ಲಿ ನಿರ್ಭಯವಾಗಿ ನಡೆಯುತ್ತಾರೆ. ದೀಪದ ಕಂಬದ ಬಳಿ ಅವರಿಂದ ಯಾರೂ ಹಣ ಕೇಳುವುದಿಲ್ಲ. ಹಾಗೆಂದು ಆ ಬೆಳಕು ಪುಕ್ಕಟೆಯಲ್ಲ. ಶಿರಸಿಯಲ್ಲಿ ನಗರಸಭೆಯೂ ಉಳಿದೆರಡು ಊರುಗಳಲ್ಲಿ ಪಟ್ಟಣ ಪಂಚಾಯಿತಿಗಳೂ ಜನರ ತೆರಿಗೆಯಿಂದ ಮತ್ತು ಸರ್ಕಾರದ ಅನುದಾನದಿಂದ ಅದರ ವೆಚ್ಚವನ್ನು ಭರಿಸುತ್ತವೆ. ಕನ್ನಡನಾಡಿಗೆ ವಿದ್ಯುತ್ತು ಕಾಲಿಟ್ಟ ದಿನಗಳಲ್ಲಿ ಈ ವೆಚ್ಚದ ಪ್ರಶ್ನೆಗೆ ದೂರದೃಷ್ಟಿಯಿಂದ ಉತ್ತರ ಕಂಡುಕೊಂಡವರು ಮೈಸೂರಿನ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು.

ಶೇಷಾದ್ರಿ ಅಯ್ಯರ್ ಅವರು 1845ರಲ್ಲಿ ಇಂದಿನ ಕೇರಳದ ಪಾಲ್ಘಾಟ್ ಸೀಮೆಯಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಕಾರ್ಯದಕ್ಷತೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ದಿವಾನ್ ರಂಗಾಚಾರ್ಲು ಅವರ ನಿಧನಾನಂತರ 1883ರಲ್ಲಿ ದಿವಾನರಾದರು. 1876–78ರ ಭೀಕರ ಕ್ಷಾಮದ ಪೆಟ್ಟಿನಿಂದ ಸಂಸ್ಥಾನದ ಬೊಕ್ಕಸ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಕಾಲವದು. ಅವರು ಹಣಕಾಸನ್ನು ಬಿಗಿಹಿಡಿದು ಸರಿಪಡಿಸಿದರು, ರೈಲುಮಾರ್ಗಗಳನ್ನು ವಿಸ್ತರಿಸಿದರು, ಹೆಸರಘಟ್ಟದಿಂದ ಬೆಂಗಳೂರಿಗೆ ಕುಡಿಯುವ ನೀರನ್ನು ತರಿಸಿದರು.

ಆಗ ಕೋಲಾರದ ಚಿನ್ನದ ಗಣಿಗಳ ಯಂತ್ರಗಳು ಉಗಿಯ ಬಲದಿಂದ ನಡೆಯುತ್ತಿದ್ದವು. ಅವುಗಳಿಗೆ ಬೇಕಾದ ಕಲ್ಲಿದ್ದಲು ದೂರದಿಂದ ಬರಬೇಕಾಗಿತ್ತು. ಸೌದೆಗಾಗಿ ಸುತ್ತಲಿನ ಕಾಡು ಬರಿದಾಗುತ್ತಿತ್ತು. ಇತ್ತ ಶಿವನಸಮುದ್ರದಲ್ಲಿ ಕಾವೇರಿಯ ಅಪಾರ ಶಕ್ತಿ ಬಂಡೆಗಳ ಮೇಲೆ ಧುಮುಕಿ ವ್ಯರ್ಥವಾಗುತ್ತಿತ್ತು. ಆ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸುವ ಯೋಜನೆಯನ್ನು ಕ್ಯಾಪ್ಟನ್ ಜೋಲಿ ಡಿ ಲೊಟ್ಬಿನಿಯೆರ್ ಎಂಬ ಎಂಜಿನಿಯರರು ರೂಪಿಸಿದರು. ದಿವಾನರು ಅದಕ್ಕೆ ಬೆಂಬಲವಾಗಿ ನಿಂತರು. ಆದರೆ ಅಷ್ಟು ದೊಡ್ಡ ಕೆಲಸಕ್ಕೆ ಹಣ ತೆರುವವರು ಯಾರು? ಬಡ ರೈತನ ಕಂದಾಯದ ಹಣವನ್ನು ಹೂಡಿ ಸೋತರೆ ಆ ನಷ್ಟವನ್ನು ನಾಡೇ ಹೊರಬೇಕಾಗಿತ್ತು. ಆದುದರಿಂದ ವಿದ್ಯುತ್ತನ್ನು ಬೆಲೆ ಕೊಟ್ಟು ಕೊಳ್ಳಲು ಗಣಿ ಕಂಪನಿಗಳನ್ನು ಒಪ್ಪಿಸಲಾಯಿತು. ಸರ್ಕಾರವು ಬಂಡವಾಳ ಹೂಡಿತು. ಗಣಿಗಳು ಕೊಡುವ ಹಣದಿಂದ ಅದು ಹಿಂದಿರುಗಿ ಬರುವಂತಾಯಿತು. ಶಕ್ತಿಯೂ ಖಾಸಗಿಯವರ ಕೈಸೇರದೆ ಸಂಸ್ಥಾನದ ಸ್ವತ್ತಾಗಿಯೇ ಉಳಿಯಿತು.

ಕಾಮಗಾರಿ ಇನ್ನೂ ನಡೆಯುತ್ತಿರುವಾಗಲೇ ದಿವಾನರ ಆರೋಗ್ಯ ಕುಸಿಯಿತು. 1901ರಲ್ಲಿ ಅವರು ನಿವೃತ್ತರಾದರು; ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. 1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರವನ್ನು ತಲುಪಿತು. ಆ ಕಾಲಕ್ಕೆ ಅದು ಜಗತ್ತಿನ ಅತ್ಯಂತ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದಾಗಿತ್ತು. ಅದನ್ನು ಕಾಣಲು ಅದಕ್ಕಾಗಿ ದುಡಿದ ದಿವಾನರು ಇರಲಿಲ್ಲ.

ಗಣಿಗಳಿಗಾಗಿ ಹರಿದ ಶಕ್ತಿ ಅಲ್ಲಿಗೇ ನಿಲ್ಲಲಿಲ್ಲ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಬೆಳಗಿತು. ಅದುವರೆಗೆ ಸೀಮೆಎಣ್ಣೆಯ ಮಂದ ದೀಪಗಳನ್ನಷ್ಟೇ ಕಂಡಿದ್ದ ಜನ ಬೆರಗಾದರು. 1908ರಲ್ಲಿ ಮೈಸೂರು ನಗರಕ್ಕೂ ಆ ಬೆಳಕು ಬಂದಿತು. ಮುಂದೆ 1948ರಲ್ಲಿ, ಸಿದ್ದಾಪುರದ ಗಡಿಗೆ ಹೊಂದಿ ಧುಮುಕುವ ಶರಾವತಿಯೂ ಜೋಗದಲ್ಲಿ ವಿದ್ಯುತ್ತನ್ನು ನೀಡತೊಡಗಿದಳು.

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆಯೂ ಅವರ ಹೆಸರಿನ ಸ್ಮಾರಕ ಭವನವೂ ಇವೆ. ಆದರೆ ಸಂಜೆ ಬೆಳಗುವ ಬೀದಿದೀಪವೂ ಅವರನ್ನು ನೆನಪಿಸುವ ಸ್ಮಾರಕವೇ. ಕಲ್ಲೆಸೆದು ಅದನ್ನು ಒಡೆಯುವವನು, ಹಗಲಿನಲ್ಲಿಯೂ ಅದು ಉರಿಯುತ್ತಿರುವುದನ್ನು ಕಂಡು ಸುಮ್ಮನಿರುವವನು, ತಾನೂ ಪಾಲು ತೆತ್ತ ಸ್ವತ್ತನ್ನೇ ಹಾಳುಮಾಡುತ್ತಾನೆ. ಎಲ್ಲರೂ ತೆತ್ತು ಪಡೆದ ಬೆಳಕನ್ನು ಕಾಪಾಡುವ ಹೊಣೆಯೂ ಎಲ್ಲರದು.